ಬೋಟಿಗೆ ಬೇರೆ ಡೀಸೆಲ್ ಎಂಜಿನ್: ಫ್ಯಾನಿನಿಂದ ಶುರು ಮಾಡಿ

ಮೀನುಗಾರಿಕೆ ಋತು ಮುಗಿಯುತ್ತ ಬಂದಾಗ ಪ್ರತಿ ವರ್ಷ ಅದೇ ಪ್ರಶ್ನೆ ಬರುತ್ತದೆ. “ಎಂಜಿನ್ ಹಳತಾಯಿತು. ಎಷ್ಟು ಎಚ್‌ಪಿಯದ್ದು ಹಾಕಿಸಲಿ? ಯಾವ ಕಂಪೆನಿ ಒಳ್ಳೆಯದು?” ಮಲ್ಪೆಯ ಗಿಲ್‌ನೆಟ್ ಬೋಟಿನವರು ಕೇಳುತ್ತಾರೆ. ಸೈಂಟ್ ಮೇರೀಸ್ ದ್ವೀಪಕ್ಕೆ ಪ್ರವಾಸಿಗರನ್ನು ಕರೆದೊಯ್ಯುವವರು ಕೇಳುತ್ತಾರೆ. ಹವ್ಯಾಸಕ್ಕೆ ಸಣ್ಣ ಹಾಯಿದೋಣಿ ಇಟ್ಟುಕೊಂಡವರೂ ಕೇಳುತ್ತಾರೆ. ಎಲ್ಲರಿಗೂ ಒಂದೊಂದೇ ಉತ್ತರ ಬರೆಯುವ ಬದಲು ಪೂರ್ತಿ ವಿಷಯವನ್ನು ಇಲ್ಲಿ ಬರೆದಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ: ಈ ಪ್ರಶ್ನೆಗೆ ಒಂದು ಸಂಖ್ಯೆಯ ಉತ್ತರ ಇಲ್ಲ. ಎಂಜಿನ್ ಆಯ್ಕೆ ಶುರುವಾಗಬೇಕಾದ್ದು ಅಂಗಡಿಯಲ್ಲಿ ಅಲ್ಲ, ಬೋಟಿನ ಹಿಂಭಾಗದಲ್ಲಿ, ನೀರಿನ ಅಡಿಯಲ್ಲಿ ತಿರುಗುವ ಫ್ಯಾನಿನ ಹತ್ತಿರ. ಫ್ಯಾನ್ ಅಂದರೆ ಪ್ರೊಪೆಲ್ಲರ್. ಬೋಟನ್ನು ತಳ್ಳುವುದು ಅದು. ಎಂಜಿನ್ ಅದನ್ನು ತಿರುಗಿಸುತ್ತದೆ ಅಷ್ಟೇ. ಇದನ್ನು ಮರೆತು ಎಚ್‌ಪಿ ಲೆಕ್ಕದಲ್ಲಿ ಎಂಜಿನ್ ಕೊಂಡವರು ಲಕ್ಷಗಟ್ಟಲೆ ದುಡ್ಡು ಸುರಿದೂ ಹಳೆಯ ವೇಗದಲ್ಲೇ ಓಡುತ್ತಿದ್ದಾರೆ, ಅದೂ ಹೆಚ್ಚು ಡೀಸೆಲ್ ಸುಟ್ಟು.

ಇಲ್ಲಿ ಹೇಳಿರುವುದು 25ರಿಂದ 50 ಅಡಿಯೊಳಗಿನ, ಎಂಜಿನ್ ಒಳಗೇ ಕೂತಿರುವ ಬೋಟುಗಳಿಗೆ. ಔಟ್‌ಬೋರ್ಡ್ ಹಾಕಿದ ನಾಡದೋಣಿಗೆ ಲೆಕ್ಕ ಬೇರೆ.

ಸಮಯದ ವಿಚಾರ

ನಮ್ಮ ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಎಲ್ಲರೂ ಎಂಜಿನ್ ಕೆಲಸಕ್ಕೆ ಕೈ ಹಾಕುವುದು ಆಗಲೇ. ಜೂನ್‌ನಲ್ಲಿ ಮೆಕ್ಯಾನಿಕ್ ಸಿಗುವುದಿಲ್ಲ, ಲೇಥ್‌ನವನು ಸಿಗುವುದಿಲ್ಲ, ಗಿಯರ್‌ಬಾಕ್ಸ್ “ಮುಂದಿನ ವಾರ” ಅನ್ನುತ್ತಾರೆ. ಹಾಗಾಗಿ ಅಳತೆ ಮತ್ತು ಲೆಕ್ಕ ಜನವರಿ–ಫೆಬ್ರವರಿಯಲ್ಲಿ ಮುಗಿಸಿ. ಆರ್ಡರ್ ಮಾರ್ಚ್‌ನಲ್ಲಿ ಕೊಡಿ. ಜೂನ್ ಮೊದಲ ವಾರ ಬೋಟ್ ಮೇಲೆ ಎಳೆಯುವಾಗ ಎಂಜಿನ್, ಗಿಯರ್‌ಬಾಕ್ಸ್, ಫ್ಯಾನ್ ಮೂರೂ ನಿಮ್ಮ ಕೈಯಲ್ಲಿರಬೇಕು.

ಅಳತೆಗೆ ಹೋಗುವಾಗ ಒಂದು ಟೇಪು, ರಸಮಟ್ಟ, ಟಾರ್ಚು, ಪುಸ್ತಕ ತೆಗೆದುಕೊಳ್ಳಿ. ಹಳೆ ಎಂಜಿನ್ ಮತ್ತು ಗಿಯರ್‌ಬಾಕ್ಸ್ ಮೇಲಿನ, ವಿವರ ಕೊರೆದ ತಗಡಿನ ಫೋಟೊ ತೆಗೆಯಿರಿ. ಫ್ಯಾನಿನ ಬುಡದಲ್ಲಿ ಕೊರೆದ ಅಂಕೆಗಳನ್ನೂ ಬರೆದುಕೊಳ್ಳಿ.

1. ಎಂಜಿನ್ ನಿಜಕ್ಕೂ ಮುಗಿದಿದೆಯಾ ನೋಡಿ

ಕಪ್ಪು ಹೊಗೆ ಬಂದ ಕೂಡಲೇ ಎಂಜಿನ್ ಸತ್ತಿತು ಅಂದುಕೊಳ್ಳಬೇಡಿ. ಕಪ್ಪು ಹೊಗೆ ಅಂದರೆ ಡೀಸೆಲ್ ಜಾಸ್ತಿ, ಗಾಳಿ ಕಡಿಮೆ. ಏರ್ ಫಿಲ್ಟರ್ ಕಟ್ಟಿರಬಹುದು. ಬೋಟಿನ ತಳಕ್ಕೆ ಚಿಪ್ಪು ಹಿಡಿದು ಭಾರ ಹೆಚ್ಚಾಗಿರಬಹುದು. ಯಾರೋ ದೊಡ್ಡ ಫ್ಯಾನ್ ಹಾಕಿರಬಹುದು. ತಳ ಕೆರೆದು, ಫ್ಯಾನ್ ಉಜ್ಜಿ ಮತ್ತೊಮ್ಮೆ ಓಡಿಸಿ ನೋಡಿ.

ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ. ಪಿಸ್ಟನ್ನಿನ ರಿಂಗು, ಲೈನರ್ ಅಂದರೆ ಸಿಲಿಂಡರಿನ ಒಳಗೋಡೆ ಸವೆದಿರುವ ಲಕ್ಷಣ ಇದು. ಬಿಳಿ ಹೊಗೆ ನಿಲ್ಲದೆ ಬಂದರೆ ಡೀಸೆಲ್ ಸುಡದೆ ಹೊರಬರುತ್ತಿದೆ, ಇಲ್ಲವೇ ಸಿಲಿಂಡರಿಗೆ ನೀರು ಸೇರುತ್ತಿದೆ. ಒಂದು ಕಂಪ್ರೆಶನ್ ಪರೀಕ್ಷೆ ಮಾಡಿಸಿ. ಪ್ರತಿ ಸಿಲಿಂಡರು ಗಾಳಿಯನ್ನು ಎಷ್ಟು ಒತ್ತುತ್ತದೆ ಅಂತ ಗೇಜ್ ಹಾಕಿ ನೋಡುವುದು ಇದು. ಇದರ ಖರ್ಚು ಎಂಜಿನ್ ಬೆಲೆಯ ಮುಂದೆ ಏನೂ ಅಲ್ಲ.

ಓವರ್‌ಹಾಲಿಂಗ್, ಅಂದರೆ ಪೂರ್ತಿ ಬಿಚ್ಚಿ ಸವೆದ ಭಾಗ ಬದಲಿಸುವ ಖರ್ಚು ಹೊಸ ಎಂಜಿನ್ ಕೂರಿಸುವ ಒಟ್ಟು ಖರ್ಚಿನ ಅರ್ಧ ದಾಟಿದರೆ ನಾನು ಹೊಸತು ಅನ್ನುತ್ತೇನೆ. ಎಂಜಿನಿನ ಮೈಯಾದ ಬ್ಲಾಕನ್ನೇ ಉಪ್ಪುನೀರು ತಿಂದಿದ್ದರೆ ಓವರ್‌ಹಾಲಿಂಗ್ ಮಾತೇ ಬೇಡ. ಒಳಗೆ ಹೊಸ ಭಾಗ ಎಷ್ಟು ಹಾಕಿದರೂ ತುಕ್ಕು ನಿಲ್ಲುವುದಿಲ್ಲ.

2. ಬೋಟನ್ನು ಅಳೆಯಿರಿ

ಬೋಟಿನ ಒಟ್ಟು ಉದ್ದ ಬೇಡ, ನೀರಿನ ಗೆರೆಯ ಉದ್ದ ಬೇಕು. ಬೋಟ್ ತೇಲುತ್ತಿರುವಾಗ ಮುಂದೆ ಎಲ್ಲಿ ನೀರು ಮುಟ್ಟುತ್ತದೋ ಅಲ್ಲಿಂದ ಹಿಂದೆ ಎಲ್ಲಿ ನೀರು ಬಿಡುತ್ತದೋ ಅಲ್ಲಿಯವರೆಗೆ. 32 ಅಡಿಯ ಬೋಟಿಗೆ ಇದು ಸುಮಾರು 28 ಅಡಿ ಬರಬಹುದು.

ನೀರನ್ನು ಸೀಳಿಕೊಂಡು ಹೋಗುವ ಬೋಟಿಗೆ, ಅಂದರೆ ಸ್ಪೀಡ್‌ಬೋಟಿನ ಹಾಗೆ ನೀರಿನ ಮೇಲೆ ಏಳದ ಬೋಟಿಗೆ, ಒಂದು ಸಹಜ ಮಿತಿ ಇದೆ. ನೀರಿನ ಗೆರೆಯ ಉದ್ದವನ್ನು ಅಡಿಯಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 1.34ರಿಂದ ಗುಣಿಸಿ. 28ರ ವರ್ಗಮೂಲ 5.29. ಗುಣಿಸಿದರೆ 7.1 ನಾಟ್. ಒಂದು ನಾಟ್ ಅಂದರೆ ಗಂಟೆಗೆ 1.85 ಕಿಲೋಮೀಟರ್. ಈ ಬೋಟ್ 7 ನಾಟ್ ಮುಟ್ಟುವಾಗ ತಾನೇ ಎಬ್ಬಿಸಿದ ಅಲೆಯ ಗುಂಡಿಯಲ್ಲಿ ಕೂತುಬಿಡುತ್ತದೆ. ಅದರಾಚೆಗೆ ತಳ್ಳಿದರೆ ಹಿಂಭಾಗ ಕುಸಿಯುತ್ತದೆ, ಮೂತಿ ಏಳುತ್ತದೆ, ವೇಗ ಮಾತ್ರ ಅಲ್ಲೇ.

ಇನ್ನೊಂದು ಬೇಕಾದ್ದು ತೂಕ. ಕ್ರೇನ್‌ನಲ್ಲಿ ಎತ್ತುವಾಗ ತೂಕ ತೋರಿಸುವ ಮೀಟರ್ ಇದ್ದರೆ ಬರೆದುಕೊಳ್ಳಿ. ಇಲ್ಲದಿದ್ದರೆ ಲೆಕ್ಕ ಹಾಕಿ: ನೀರಿನ ಗೆರೆಯ ಉದ್ದ, ಅಲ್ಲಿನ ಅಗಲ, ನೀರಿನೊಳಗಿನ ಆಳ, ಮೂರನ್ನೂ ಮೀಟರಿನಲ್ಲಿ ಗುಣಿಸಿ. ಬೋಟಿನ ತಳ ಪೆಟ್ಟಿಗೆಯ ಹಾಗೆ ಚೌಕ ಇಲ್ಲವಲ್ಲ, ಅದಕ್ಕೆ 0.4ರಿಂದ ಗುಣಿಸಿ. ತಳ ತುಂಬಾ ದಪ್ಪ ಇದ್ದರೆ 0.5. ಆಮೇಲೆ ಸಮುದ್ರದ ನೀರಿಗೆ 1.025. ನಮ್ಮ ಬೋಟಿಗೆ 8.5 ಮೀಟರ್ ಉದ್ದ, 2.75 ಅಗಲ, 0.85 ಆಳ ಹಿಡಿದರೆ ಸುಮಾರು 8 ಟನ್ ಬರುತ್ತದೆ. ಐಸು, ಬಲೆ, ಡೀಸೆಲ್ ತುಂಬಿದಾಗಿನ ಅಳತೆಯನ್ನೇ ತೆಗೆದುಕೊಳ್ಳಿ. ಖಾಲಿ ಬೋಟಿನ ಲೆಕ್ಕ ಇಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ.

3. ಎಚ್‌ಪಿ ಲೆಕ್ಕ

ಇಂಥ ಬೋಟಿಗೆ ಟನ್ನಿಗೆ 4 ಎಚ್‌ಪಿ ಒಳ್ಳೆಯ ಆರಂಭ. 8 ಟನ್ನಿಗೆ 32. ಎದುರು ಗಾಳಿಗೆ, ಹೊಳೆ ಸಮುದ್ರ ಸೇರುವ ಅಳಿವೆಗೆ ಸುಮಾರು ಮೂರನೇ ಒಂದು ಭಾಗ ಸೇರಿಸಿ. 40ರಿಂದ 45 ಆಯಿತು.

ಅಳಿವೆಯ ವಿಷಯ ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನೇತ್ರಾವತಿ–ಫಲ್ಗುಣಿ ಸೇರುವ ಅಳಿವೆ ಬಾಗಿಲಿನಲ್ಲಿ ಇಳಿತದ ಹೊತ್ತಿಗೆ ಹೊರಹರಿವೂ ಎದುರಿನ ಅಲೆಯೂ ಒಟ್ಟಿಗೆ ಸಿಕ್ಕಾಗ ಎಂಜಿನಿನಲ್ಲಿ ಉಳಿಕೆ ಶಕ್ತಿ ಇಲ್ಲದಿದ್ದರೆ ಬೋಟ್ ಅಡ್ಡ ಬೀಳುತ್ತದೆ. ಇದು ಜೀವದ ಪ್ರಶ್ನೆ. ಈ ಮೂರನೇ ಒಂದು ಭಾಗದಲ್ಲಿ ಕಂಜೂಸಿ ಬೇಡ.

ಆದರೆ ಅದೇ ಬೋಟಿಗೆ 90 ಎಚ್‌ಪಿ ಹಾಕಿದರೆ? ದುಪ್ಪಟ್ಟು ಶಕ್ತಿಗೆ ಒಂದು ನಾಟ್ ಹೆಚ್ಚು ಸಿಗುವುದೂ ಕಷ್ಟ. ಡೀಸೆಲ್ ಎಂಜಿನ್ ಒಂದು ಎಚ್‌ಪಿಯನ್ನು ಒಂದು ಗಂಟೆ ಕೊಡಲು ಸುಮಾರು 0.19 ಲೀಟರ್ ಕುಡಿಯುತ್ತದೆ. 45 ಎಚ್‌ಪಿ ಪೂರ್ತಿ ತೆಗೆದರೆ ಗಂಟೆಗೆ 8.5 ಲೀಟರ್. 90 ತೆಗೆದರೆ 17. ಅಷ್ಟು ತೆಗೆಯದೆ ನಿಧಾನ ಓಡಿಸುತ್ತೇನೆ ಅನ್ನುತ್ತೀರಾ? ಅದರಲ್ಲೂ ತೊಂದರೆ ಇದೆ. ಡೀಸೆಲ್ ಎಂಜಿನಿಗೆ ಕೆಲಸ ಬೇಕು. ಸದಾ ಕಾಲು ಭಾರದಲ್ಲಿ ಓಡಿದರೆ ಸಿಲಿಂಡರ್ ಸರಿಯಾಗಿ ಬಿಸಿಯಾಗುವುದಿಲ್ಲ, ಲೈನರಿನ ಗೋಡೆ ಗಾಜಿನ ಹಾಗೆ ನುಣುಪಾಗುತ್ತದೆ, ರಿಂಗು ಹಿಡಿತ ಬಿಡುತ್ತದೆ, ಆಯಿಲ್ ಸುಡಲು ಶುರು. ಮೆಕ್ಯಾನಿಕ್‌ಗಳು ಗ್ಲೇಜಿಂಗ್ ಅನ್ನುವುದು ಇದಕ್ಕೆ.

ವೇಗ ಸ್ವಲ್ಪ ಇಳಿಸಿದರೆ ಎಷ್ಟು ಉಳಿಯುತ್ತದೆ ಅನ್ನುವುದನ್ನೂ ಬೋಟ್ ನಡೆಸುವ ತಾಂಡೇಲರಿಗೆ ಹೇಳಿ. ಬೇಕಾಗುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. 10ಕ್ಕೆ 1 ಭಾಗ ವೇಗ ಇಳಿಸಿದರೆ ಶಕ್ತಿ ಸುಮಾರು 27 ಶೇಕಡಾ ಕಡಿಮೆ ಸಾಕು.

ಟ್ರಾಲ್ ಬೋಟಿಗೆ ಟನ್ನಿನ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿ ಎಂಜಿನಿನ ಮುಖ್ಯ ಕೆಲಸ ಬಲೆ ಎಳೆಯುವುದು, ಅದೂ 3 ನಾಟ್ ಆಸುಪಾಸಿನ ನಿಧಾನ ವೇಗದಲ್ಲಿ. ಅಲ್ಲಿ ಬೇಕಾದ್ದು ದೊಡ್ಡ ಫ್ಯಾನ್, ನಿಧಾನ ಶಾಫ್ಟ್. ಶಾಫ್ಟ್ ಅಂದರೆ ಫ್ಯಾನನ್ನು ತಿರುಗಿಸುವ ದಂಡ. ನಿಮ್ಮದೇ ಬಲೆ, ನಿಮ್ಮದೇ ಗಾತ್ರದ ಬೋಟ್ ಇರುವವರು ಎಷ್ಟು ಎಚ್‌ಪಿಯಲ್ಲಿ, ಯಾವ ಫ್ಯಾನಿನಲ್ಲಿ, ದಿನಕ್ಕೆ ಎಷ್ಟು ಲೀಟರಿನಲ್ಲಿ ಎಳೆಯುತ್ತಿದ್ದಾರೆ ಅಂತ ಕೇಳಿ. ಎಚ್‌ಪಿ ಒಂದನ್ನೇ ಕೇಳಿ ಬರಬೇಡಿ.

ಹಾಯಿದೋಣಿಯವರಿಗೆ ಕಡಿಮೆ ಸಾಕು, ಟನ್ನಿಗೆ 3ರಿಂದ 4. 5 ಟನ್ನಿನ ದೋಣಿಗೆ 15–20 ಎಚ್‌ಪಿ ಧಾರಾಳ. ನಿಮಗೆ ಎಂಜಿನ್ ಬೇಕಾಗುವುದು ಗಾಳಿ ಬಿದ್ದಾಗ, ಅಳಿವೆ ದಾಟುವಾಗ, ದಕ್ಕೆಗೆ ಅಂದರೆ ಬೋಟ್ ನಿಲ್ಲುವ ಕಟ್ಟೆಗೆ ತಾಗಿಸುವಾಗ. ಆದರೆ ತೂಕ ನೋಡಿ. ಹಳೆ ಎಂಜಿನ್ 250 ಕಿಲೋ, ಹೊಸದು 130 ಕಿಲೋ ಇದ್ದರೆ ದೋಣಿ ನೀರಲ್ಲಿ ಕೂರುವ ರೀತಿಯೇ ಬದಲಾಗುತ್ತದೆ. ಮಂಗಳೂರು ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳನ್ನು ಕಾಗದದಲ್ಲಿ ಇಂದಿಗೂ ಯಂತ್ರಚಾಲಿತ ಹಾಯಿಹಡಗು ಅಂತಲೇ ಕರೆಯುತ್ತಾರೆ. ಆದರೆ ಅವು ಓಡುವುದು ಎಂಜಿನಿನಲ್ಲೇ. ಅವಕ್ಕೆ ಹಾಯಿದೋಣಿಯ ಲೆಕ್ಕ ಹಾಕಬೇಡಿ.

4. ಯಾವ ಎಚ್‌ಪಿ ಅಂತ ಕೇಳಿ

ಒಂದೇ ಬ್ಲಾಕನ್ನು ಕಂಪೆನಿಗಳು ಮೂರು ನಾಲ್ಕು ಎಚ್‌ಪಿಯಲ್ಲಿ ಮಾರುತ್ತವೆ. ವ್ಯತ್ಯಾಸ ರೇಟಿಂಗ್‌ನಲ್ಲಿ. ರೇಟಿಂಗ್ ಅಂದರೆ ಅಷ್ಟು ಶಕ್ತಿಯನ್ನು ಎಷ್ಟು ಹೊತ್ತು ತೆಗೆಯಬಹುದು ಅನ್ನುವ ಮಿತಿ. ಮೋಜಿನ ಬೋಟಿಗೆ ಕೊಡುವ ರೇಟಿಂಗ್‌ನಲ್ಲಿ ಪೂರ್ತಿ ಶಕ್ತಿ ಸ್ವಲ್ಪ ಹೊತ್ತಿಗೆ ಮಾತ್ರ. ದಿನವಿಡೀ ಎಳೆಯುವ ಬೋಟಿಗೆ ಕಂಟಿನ್ಯುವಸ್, ಅಂದರೆ ನಿರಂತರ ರೇಟಿಂಗ್ ಬೇಕು. ಕೊಟೇಶನ್‌ನಲ್ಲಿ ಮೂರು ವಿಷಯ ಬರೆಸಿಕೊಳ್ಳಿ: ಎಷ್ಟು ಎಚ್‌ಪಿ, ಎಷ್ಟು ಆರ್‌ಪಿಎಂನಲ್ಲಿ, ಯಾವ ರೇಟಿಂಗ್‌ನಲ್ಲಿ. ಆರ್‌ಪಿಎಂ ಅಂದರೆ ನಿಮಿಷಕ್ಕೆ ಸುತ್ತು. ಕಿಲೋವ್ಯಾಟ್‌ನಲ್ಲಿ ಕೊಟ್ಟಿದ್ದರೆ 0.746ರಿಂದ ಭಾಗಿಸಿ, ಎಚ್‌ಪಿ ಸಿಗುತ್ತದೆ.

ಬಾಯಿಮಾತಿನಲ್ಲಿ “ನೂರು ಎಚ್‌ಪಿ ಉಂಟು ಮಾರಾಯ್ರೆ” ಅಂದರೆ ಸಾಲದು. ಬರೆದು ಕೊಡದವನ ಹತ್ತಿರ ಕೊಳ್ಳಬೇಡಿ.

5. ಲಾರಿ ಎಂಜಿನ್ ಹಾಕಬಹುದಾ?

ನಮ್ಮಲ್ಲಿ ಇದು ಬಹಳ ಕಾಲದಿಂದ ನಡೆದುಬಂದದ್ದು. ಹಾಕಬಹುದು, ಆದರೆ ಬದಲಾವಣೆ ಪೂರ್ತಿ ಆಗಿರಬೇಕು. ಲಾರಿಯಲ್ಲಿ ಎಂಜಿನ್ ಹೆಚ್ಚುಕಡಿಮೆ ಸಮತಟ್ಟಾಗಿ ಕೂರುತ್ತದೆ. ಬೋಟಿನಲ್ಲಿ ಶಾಫ್ಟಿನ ಜೊತೆ ಹಿಂದಕ್ಕೆ ಓರೆಯಾಗಿ ಕೂತು, ಮೇಲಿಂದ ಅಲೆಗೆ ಓಲಾಡುತ್ತದೆ. ಆಯಿಲ್ ಸಂಪು ಅಂದರೆ ಕೆಳಗಿನ ಆಯಿಲ್ ತೊಟ್ಟಿ ಅದಕ್ಕೆ ಹೊಂದದಿದ್ದರೆ ಪಂಪು ಗಾಳಿ ಎಳೆಯುತ್ತದೆ, ಬೇರಿಂಗ್ ಹೋಗುತ್ತದೆ. ಲಾರಿಯ ಎಗ್ಸಾಸ್ಟ್ ಮ್ಯಾನಿಫೋಲ್ಡ್‌ಗೆ ಓಡುವಾಗಿನ ಗಾಳಿಯೇ ತಂಪು. ಮುಚ್ಚಿದ ಎಂಜಿನ್ ಕೋಣೆಯಲ್ಲಿ ಅದಕ್ಕೆ ನೀರಿನ ಹೊದಿಕೆ ಬೇಕು, ಇಲ್ಲದಿದ್ದರೆ ಮರಕ್ಕೆ ಬೆಂಕಿ.

ಸೆಕೆಂಡ್‌ಹ್ಯಾಂಡ್ ಆದರೆ ತಣ್ಣಗಿರುವಾಗಲೇ ನಿಮ್ಮ ಎದುರು ಸ್ಟಾರ್ಟ್ ಮಾಡಿಸಿ. ನೀವು ಹೋಗುವಷ್ಟರಲ್ಲಿ ಬಿಸಿಯಾಗಿದ್ದರೆ ಕಾಯಿರಿ, ಇಲ್ಲವೇ ಮರುದಿನ ಹೋಗಿ. ಬಿಸಿ ಎಂಜಿನಿನಲ್ಲಿ ಸವೆದ ರಿಂಗು ಅಡಗಿಕೊಳ್ಳುತ್ತದೆ.

6. ಬಿಡಿಭಾಗ ದಕ್ಕೆಯಲ್ಲಿ ಸಿಗುತ್ತದಾ?

ಕಂಪೆನಿ ಯಾವುದು ಅನ್ನುವ ಪ್ರಶ್ನೆಗೆ ನನ್ನ ಉತ್ತರ ಇಲ್ಲಿದೆ. ಅಶೋಕ್ ಲೇಲ್ಯಾಂಡ್, ಕಿರ್ಲೋಸ್ಕರ್, ಕಮಿನ್ಸ್, ಯಾನ್ಮಾರ್, ವೋಲ್ವೊ ಪೆಂಟಾ, ಇವುಗಳಲ್ಲಿ ಎಂಜಿನ್ ಮಾಡಲು ಬಾರದವರು ಯಾರೂ ಇಲ್ಲ. ನೀವು ನೋಡಬೇಕಾದ್ದು ಆಗಸ್ಟ್ ತಿಂಗಳ ಒಂದು ಮಂಗಳವಾರ ನೀರಿನ ಪಂಪು ಕೈಕೊಟ್ಟರೆ ಬುಧವಾರ ಬೋಟ್ ಹೊರಡುತ್ತದಾ ಅಂತ.

ಐದು ಭಾಗದ ಪಟ್ಟಿ ಮಾಡಿ: ನೀರಿನ ಪಂಪಿನ ಇಂಪೆಲ್ಲರ್ ಅಂದರೆ ಒಳಗಿನ ರಬ್ಬರ್ ಚಕ್ರ, ಅದೇ ಪಂಪಿನ ಸೀಲು, ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ನಾಜಲ್, ಡೀಸೆಲ್ ಫಿಲ್ಟರ್, ಹೆಡ್ ಗ್ಯಾಸ್ಕೆಟ್. ಎಂಜಿನ್ ಕೊಳ್ಳುವ ಮೊದಲೇ ಮಂಗಳೂರು ಬಂದರಿನ ಅಥವಾ ಮಲ್ಪೆಯ ಅಂಗಡಿಗಳಿಗೆ ಹೋಗಿ ಆ ಮಾದರಿಗೆ ಈ ಐದನ್ನೂ ಕೇಳಿ. ನಾಲ್ಕು ಕೈಗೆ ಸಿಕ್ಕರೆ ಮುಂದುವರಿಯಿರಿ. ಎಲ್ಲದಕ್ಕೂ “ಬುಕ್ ಮಾಡಬೇಕು” ಅಂದರೆ ಆ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ನಿಮಗೆ ಬೇಡ.

ಕಾಮನ್ ರೈಲ್ ಎಂಜಿನ್ ಬಗ್ಗೆಯೂ ಇದೇ ಮಾತು. ಇದರಲ್ಲಿ ಡೀಸೆಲ್ಲನ್ನು ಒಂದೇ ಕೊಳವೆಯಲ್ಲಿ 1,600 ಬಾರ್ ಅಥವಾ ಅದಕ್ಕೂ ಮೀರಿದ ಒತ್ತಡದಲ್ಲಿ ಇಟ್ಟು, ಕಂಪ್ಯೂಟರ್ ಹೇಳಿದಂತೆ ಚಿಮ್ಮಿಸುತ್ತಾರೆ. ಹೊಗೆ ಕಡಿಮೆ, ಸದ್ದು ಕಡಿಮೆ, ಡೀಸೆಲ್ಲೂ ಸ್ವಲ್ಪ ಉಳಿಯುತ್ತದೆ. ಆದರೆ ಡೀಸೆಲ್‌ನಲ್ಲಿ ನೀರಿನ ಅಂಶವನ್ನು ಅದು ಸಹಿಸುವುದಿಲ್ಲ. ವೈರಿನ ತುದಿಗೆ ಉಪ್ಪುಗಾಳಿ ತಾಗಿದರೆ ಮಧ್ಯ ಸಮುದ್ರದಲ್ಲಿ ನಿಲ್ಲಬಹುದು. ಲ್ಯಾಪ್‌ಟಾಪ್ ಹಿಡಿದು ಬರುವ ಸರ್ವಿಸ್ ಇಂಜಿನಿಯರ್ ಒಂದೇ ದಿನದಲ್ಲಿ ತಲುಪುವ ಹಾಗಿದ್ದರೆ ತೆಗೆದುಕೊಳ್ಳಿ. ಇಲ್ಲದಿದ್ದರೆ ಹಳೆ ರೀತಿಯ ಮೆಕ್ಯಾನಿಕಲ್ ಪಂಪಿನ ಎಂಜಿನ್ನೇ ವಾಸಿ. ಅದನ್ನು ಬಿಚ್ಚಿ ಕೂರಿಸುವ ಕೈಗಳು ನಮ್ಮ ಪ್ರತಿ ಬಂದರಿನಲ್ಲೂ ಇವೆ.

7. ಗಿಯರ್‌ಬಾಕ್ಸ್ ಮತ್ತು ಫ್ಯಾನ್

ನಿಧಾನ ಓದಿ. ದುಡ್ಡು ಉಳಿಯುವುದೂ ಹೋಗುವುದೂ ಇಲ್ಲೇ.

ಫ್ಯಾನಿನ ಬುಡದಲ್ಲಿ 24×18 ಅಂತ ಇದ್ದರೆ, 24 ಅಂಗುಲ ವ್ಯಾಸ, 18 ಅಂಗುಲ ಪಿಚ್. ಪಿಚ್ ಅಂದರೆ ಮರಕ್ಕೆ ಸ್ಕ್ರೂ ಹೋಗುವ ಹಾಗೆ ಒಂದು ಸುತ್ತಿಗೆ ಫ್ಯಾನ್ ಎಷ್ಟು ಮುಂದೆ ಹೋಗಬೇಕಿತ್ತು ಅನ್ನುವ ಅಳತೆ. ನೀರು ಮರದಷ್ಟು ಗಟ್ಟಿ ಅಲ್ಲ, ಜಾರುತ್ತದೆ. ಆ ಜಾರುವಿಕೆಗೆ ಸ್ಲಿಪ್ ಅನ್ನುತ್ತಾರೆ. ನಮ್ಮಂಥ ಕೆಲಸದ ಬೋಟಿನಲ್ಲಿ ಅದು 40 ಶೇಕಡಾ ಆಸುಪಾಸು.

ನಮ್ಮ 28 ಅಡಿ ನೀರಿನ ಗೆರೆಯ ಬೋಟಿಗೆ ಬನ್ನಿ. ಎಂಜಿನ್ 45 ಎಚ್‌ಪಿ, 2,400 ಆರ್‌ಪಿಎಂ. ಗಿಯರ್‌ಬಾಕ್ಸ್ 3ಕ್ಕೆ 1, ಅಂದರೆ ಎಂಜಿನ್ ಮೂರು ಸುತ್ತು ಸುತ್ತಿದರೆ ಶಾಫ್ಟ್ ಒಂದು ಸುತ್ತು. ಶಾಫ್ಟ್ 800 ಆರ್‌ಪಿಎಂ. 18 ಅಂಗುಲ ಪಿಚ್ ಇದ್ದರೆ ನಿಮಿಷಕ್ಕೆ 1,200 ಅಡಿ ಹೋಗಬೇಕು. ಅದು 11.8 ನಾಟ್. 40 ಶೇಕಡಾ ಜಾರಿದರೆ ಉಳಿಯುವುದು 7.1. ಬೋಟಿನ ಸಹಜ ಮಿತಿಯೂ ಅದೇ. ಹೊಂದಿತು ನೋಡಿ. ಈ ಶಕ್ತಿಗೆ, ಈ ಸುತ್ತಿಗೆ ವ್ಯಾಸ ಸುಮಾರು 24 ಅಂಗುಲ ಬೇಕಾಗುತ್ತದೆ.

ಅದೇ ಎಂಜಿನಿಗೆ 2ಕ್ಕೆ 1 ಗಿಯರ್‌ಬಾಕ್ಸ್ ಹಾಕಿದರೆ ಶಾಫ್ಟ್ 1,200 ಆರ್‌ಪಿಎಂ. ಫ್ಯಾನ್ 19×12ಕ್ಕೆ ಇಳಿಯುತ್ತದೆ. ಗಿಯರ್‌ಬಾಕ್ಸ್ ಅಗ್ಗ, ಫ್ಯಾನ್ ಅಗ್ಗ. ಆದರೆ ಸಣ್ಣ ಫ್ಯಾನ್ ಜೋರಾಗಿ ತಿರುಗುವುದಕ್ಕಿಂತ ದೊಡ್ಡ ಫ್ಯಾನ್ ನಿಧಾನ ತಿರುಗಿದರೆ ಅದೇ ಡೀಸೆಲ್ಲಿಗೆ ಜಾಸ್ತಿ ತಳ್ಳುತ್ತದೆ. ಎದುರು ಅಲೆಯಲ್ಲಿ, ಬಲೆ ಎಳೆಯುವಾಗ ಈ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಜಾಗ ಇದ್ದರೆ 3ಕ್ಕೆ 1 ತೆಗೆದುಕೊಳ್ಳಿ.

ಜಾಗ ಇದೆಯಾ ಅಂತ ನೋಡುವುದು ಹೇಗೆ? ಫ್ಯಾನಿನ ತುದಿಗೂ ಬೋಟಿನ ತಳಕ್ಕೂ ನಡುವೆ ವ್ಯಾಸದ ಕನಿಷ್ಠ 10 ಶೇಕಡಾ, ಸಾಧ್ಯವಾದರೆ 15 ಶೇಕಡಾ ಅಂತರ ಇರಬೇಕು. 24 ಅಂಗುಲದ ಫ್ಯಾನಿಗೆ ಎರಡೂವರೆಯಿಂದ ಮೂರೂವರೆ ಅಂಗುಲ. ಕಡಿಮೆಯಾದರೆ ಬೋಟ್ ಇಡೀ ನಡುಗುತ್ತದೆ. ಎಂಜಿನ್ ಆಯ್ಕೆ ಫ್ಯಾನಿನಿಂದ ಶುರು ಅಂದದ್ದು ಇದಕ್ಕೇ. ತಳದ ಜಾಗ ವ್ಯಾಸವನ್ನು ನಿರ್ಧರಿಸುತ್ತದೆ, ವ್ಯಾಸ ಶಾಫ್ಟಿನ ಸುತ್ತನ್ನು, ಸುತ್ತು ಗಿಯರನ್ನು. ಎಂಜಿನ್ ಆಮೇಲೆ.

ಜನ ಮತ್ತೆ ಮತ್ತೆ ಬೀಳುವ ಗುಂಡಿಗಳು ಎರಡು. ಹಳೆ ಎಂಜಿನ್ 1,500 ಆರ್‌ಪಿಎಂನದ್ದು, ಹೊಸದು 2,400. ಗಿಯರ್ ಲೆಕ್ಕ ಬದಲಿಸದೆ ಹಳೆ ಫ್ಯಾನನ್ನೇ ಉಳಿಸಿಕೊಂಡರೆ ಹೊಸ ಎಂಜಿನ್ ತನ್ನ ಸುತ್ತಿಗೆ ಏರಲಾಗದೆ ಕಪ್ಪು ಹೊಗೆ ಉಗುಳುತ್ತ ಬೇಯುತ್ತದೆ. ಇನ್ನೊಂದು, ತಿರುಗುವ ದಿಕ್ಕು. ಬೋಟಿನ ಹಿಂದೆ ನಿಂತು ನೋಡಿದಾಗ ಮುಂದೆ ಹೋಗುವಾಗ ಗಡಿಯಾರದ ಮುಳ್ಳಿನಂತೆ ತಿರುಗಿದರೆ ಅದು ಬಲಗೈ ಫ್ಯಾನ್. ಹೊಸ ಗಿಯರ್‌ಬಾಕ್ಸ್ ಶಾಫ್ಟನ್ನು ಎದುರು ದಿಕ್ಕಿಗೆ ತಿರುಗಿಸಬಹುದು. ಇದನ್ನು ನಾನು ಒಮ್ಮೆ ಕೇಳದೆ ಬಿಟ್ಟಿದ್ದೆ. ಆಗಸ್ಟ್‌ನ ಒಳ್ಳೆಯ ಮೀನಿನ ಒಂಬತ್ತು ದಿನ ಬೋಟ್ ದಕ್ಕೆಯಲ್ಲೇ ನಿಂತಿತು, ಎಡಗೈ ಫ್ಯಾನ್ ಬರುವವರೆಗೆ. ಆರ್ಡರ್ ಕಾಗದದಲ್ಲೇ ದಿಕ್ಕು ಬರೆಸಿ.

8. ಕೂರಿಸುವ ಜಾಗ

ಎಂಜಿನ್ ಕೂರುವ ಎರಡು ಉದ್ದ ಮರ ಅಥವಾ ಫೈಬರ್ ದಿಂಡುಗಳ ನಡುವಿನ ಅಂತರ, ಅವುಗಳ ಮೇಲ್ಮೈಯಿಂದ ಶಾಫ್ಟ್ ಮಧ್ಯದವರೆಗಿನ ಎತ್ತರ, ಶಾಫ್ಟಿನ ಓರೆ, ಈ ಮೂರನ್ನೂ ಹೊಸ ಎಂಜಿನಿನ ಚಿತ್ರದ ಜೊತೆ ಹೋಲಿಸಿ. ಓರೆ ಕಂಪೆನಿ ಹೇಳಿದ ಮಿತಿಯೊಳಗೆ ಇರಲಿ. ಸಾಮಾನ್ಯವಾಗಿ ಅದು 15 ಡಿಗ್ರಿಯ ಒಳಗೆ. ಹ್ಯಾಚಿನ, ಅಂದರೆ ಎಂಜಿನ್ ಕೋಣೆಯ ಮೇಲಿನ ಮುಚ್ಚಳದ ಬಾಯಿ ಅಳೆಯಿರಿ, ಎಂಜಿನ್ ಇಳಿಯಬೇಕಲ್ಲ. ಮರದ ಪಟ್ಟಿಯಲ್ಲಿ ಎಂಜಿನಿನ ಗಾತ್ರದ ಚೌಕಟ್ಟು ಕಟ್ಟಿ ಒಳಗೆ ಇಳಿಸಿ ನೋಡಿ. ಫಿಲ್ಟರ್, ಇಂಪೆಲ್ಲರ್, ಡಿಪ್‌ಸ್ಟಿಕ್‌ಗೆ ಕೈ ಹೋಗುತ್ತದಾ? ಕೈ ಹೋಗದ ಫಿಲ್ಟರನ್ನು ಯಾರೂ ಬದಲಿಸುವುದಿಲ್ಲ.

ಹಳೆ ದಿಂಡು ಆಯಿಲ್ ಕುಡಿದು ಮೆತ್ತಗಾಗಿದ್ದರೆ ಈಗಲೇ ಬದಲಿಸಿ.

9. ನೀರು, ಹೊಗೆ, ಡೀಸೆಲ್

ಉಪ್ಪುನೀರನ್ನು ನೇರ ಎಂಜಿನ್ ಒಳಗೆ ಹರಿಸುವ ಪದ್ಧತಿ ಬೇಡ. ಹೀಟ್ ಎಕ್ಸ್‌ಚೇಂಜರ್ ಇರಲಿ. ಅದರಲ್ಲಿ ಎಂಜಿನ್ ಒಳಗೆ ಸಿಹಿನೀರು ಮತ್ತು ಕೂಲಂಟ್ ಸುತ್ತುತ್ತದೆ, ಉಪ್ಪುನೀರು ಅದನ್ನು ಹೊರಗಿನಿಂದ ತಣಿಸುತ್ತದೆ. ಮಳೆಗಾಲದ ಹೊಳೆನೀರಿನ ಕೆಸರು, ಬಂದರಿನ ಪ್ಲಾಸ್ಟಿಕ್ ಚೀಲ, ಎರಡೂ ಪಂಪಿನ ಬಾಯಿ ಕಟ್ಟುತ್ತವೆ. ಅದಕ್ಕೆ ದೊಡ್ಡ ಜಾಲರಿ ಫಿಲ್ಟರ್ ಹಾಕಿಸಿ. ಸದಾ ಕೆಸರು ನೀರಿನಲ್ಲೇ ಓಡಾಡುವವರು ಕೀಲ್ ಕೂಲಿಂಗ್ ಬಗ್ಗೆ ಯೋಚಿಸಿ. ಅದರಲ್ಲಿ ಸಿಹಿನೀರು ಬೋಟಿನ ತಳದ ಹೊರಗಿನ ಕೊಳವೆಯಲ್ಲಿ ಸುತ್ತಿ ತಣಿಯುತ್ತದೆ, ಕೆಸರು ಒಳಗೆ ಬರುವುದೇ ಇಲ್ಲ. ಎಕ್ಸ್‌ಚೇಂಜರ್ ಒಳಗಿನ ಸತುವಿನ ಕಡ್ಡಿ ಸವೆಯಲೆಂದೇ ಇರುವುದು. ಅದು ತಿನ್ನಿಸಿಕೊಂಡು ಉಳಿದ ಲೋಹವನ್ನು ಕಾಯುತ್ತದೆ. ಅರ್ಧ ಸವೆದಾಗ ಬದಲಿಸಿ. ನೀರಿನ ಅಡಿಯ ವಾಲ್ವ್‌ಗಳು ಕಂಚಿನದ್ದಾಗಿರಲಿ. ಹಿತ್ತಾಳೆಯಲ್ಲಿನ ಸತುವನ್ನು ಉಪ್ಪುನೀರು ಎಳೆದುಕೊಂಡು, ನೋಡಲು ಗಟ್ಟಿ ಕಂಡರೂ ಒಳಗೆ ಪುಡಿಯಾಗಿರುತ್ತದೆ.

ಹೊಗೆ ಕೊಳವೆಯ ವ್ಯಾಸ ಕಂಪೆನಿ ಹೇಳಿದ್ದಕ್ಕಿಂತ ಚಿಕ್ಕದಾಗಬಾರದು. ಹಳೆ ಎಂಜಿನಿನ ಕೊಳವೆಯನ್ನೇ ಜೋಡಿಸಿದರೆ ಹೊಸ ಎಂಜಿನ್ ಉಸಿರುಗಟ್ಟುತ್ತದೆ. ಮೇಲಕ್ಕೆ ಹೋಗುವ ಒಣ ಕೊಳವೆ ಆದರೆ ಮರದ ಹತ್ತಿರ ಪೂರ್ತಿ ಶಾಖನಿರೋಧಕ ಸುತ್ತಿಸಿ. ನೀರು ಬೆರೆತು ಹಿಂದಿನಿಂದ ಹೊರಬರುವ ಒದ್ದೆ ಕೊಳವೆ ಆದರೆ ನೀರಿನ ಗೆರೆಗಿಂತ ಸಾಕಷ್ಟು ಎತ್ತರದ ಬಾಗು ಇರಬೇಕು. ಇಲ್ಲದಿದ್ದರೆ ಲಂಗರು ಹಾಕಿ ಮಲಗಿದ ರಾತ್ರಿ ಸಮುದ್ರ ನಿಧಾನಕ್ಕೆ ಸಿಲಿಂಡರಿಗೆ ಇಳಿಯುತ್ತದೆ.

ಡೀಸೆಲ್ಲಿಗೆ ಎರಡು ಫಿಲ್ಟರ್: ಮೊದಲು ಕೆಳಗೆ ಬಟ್ಟಲು ಇರುವ, ನೀರು ಬೇರ್ಪಡಿಸುವಂಥದ್ದು, ಆಮೇಲೆ ಎಂಜಿನಿನದ್ದು. ಬಟ್ಟಲನ್ನು ದಿನಾ ಹೊರಡುವ ಮೊದಲು ನೋಡಿ.

10. ಕಾಗದ

ನೋಂದಣಿಯಲ್ಲಿ ಎಂಜಿನ್ ನಂಬರ್ ಮತ್ತು ಎಚ್‌ಪಿ ದಾಖಲಾಗಿರುತ್ತದೆ. ಬದಲಿಸಿದರೆ ತಿದ್ದಿಸಲೇಬೇಕು. ಎಚ್‌ಪಿ ಏರಿಸುವ ಮೊದಲೇ ಮೀನುಗಾರಿಕೆ ಇಲಾಖೆಗೆ ಹೋಗಿ ನಿಮ್ಮ ಬೋಟಿನ ವರ್ಗಕ್ಕೆ ಎಷ್ಟು ಅನುಮತಿ ಇದೆ ಕೇಳಿ, ದುಡ್ಡು ಕೊಟ್ಟ ಮೇಲೆ ಅಲ್ಲ. ರಿಯಾಯಿತಿ ಡೀಸೆಲ್, ವಿಮೆ, ಎಲ್ಲದಕ್ಕೂ ಆ ದಾಖಲೆ ಬೇಕು. ಪ್ರವಾಸಿ ಬೋಟಿನವರು ಬಂದರು ಇಲಾಖೆಯಲ್ಲಿ ಮತ್ತೆ ತಪಾಸಣೆ ಬೇಕಾ ವಿಚಾರಿಸಿ. ಎಂಜಿನ್ ನಂಬರ್ ಇರುವ ಜಿಎಸ್‌ಟಿ ಬಿಲ್ ಇಲ್ಲದೆ ಹೊಸದಾಗಲಿ ಹಳೆಯದಾಗಲಿ ಕೊಳ್ಳಬೇಡಿ.

11. ಜೋಡಣೆ ಮತ್ತು ಪರೀಕ್ಷೆ

ಶಾಫ್ಟ್ ಅಲೈನ್‌ಮೆಂಟ್, ಅಂದರೆ ಗಿಯರ್‌ಬಾಕ್ಸಿನ ತಟ್ಟೆಯೂ ಶಾಫ್ಟಿನ ತಟ್ಟೆಯೂ ಒಂದೇ ನೇರಕ್ಕೆ ಬರುವುದು, ದಡದಲ್ಲಿ ಮುಗಿಯುವ ಕೆಲಸ ಅಲ್ಲ. ದಡದಲ್ಲಿ ದಿಮ್ಮಿಗಳ ಮೇಲೆ ಕೂತ ಬೋಟಿನ ಆಕಾರವೇ ಬೇರೆ, ನೀರಿನಲ್ಲಿ ತೇಲುವಾಗಿನದ್ದೇ ಬೇರೆ. ದಡದಲ್ಲಿ ಒರಟಾಗಿ ಹೊಂದಿಸಿ, ನೀರಿಗೆ ಇಳಿಸಿ, ಡೀಸೆಲ್ ತುಂಬಿಸಿ, ಎರಡು ದಿನ ಬಿಡಿ. ಆಮೇಲೆ ಫೀಲರ್ ಗೇಜಿನಿಂದ, ಅಂದರೆ ಸಂದು ಅಳೆಯುವ ತೆಳು ಪಟ್ಟಿಗಳಿಂದ, ಎರಡು ತಟ್ಟೆಗಳ ನಡುವಿನ ಸಂದು ನಾಲ್ಕೂ ಕಡೆ ಅಳೆಯಿರಿ. ವ್ಯತ್ಯಾಸ 0.1 ಮಿಲಿಮೀಟರ್ ಮೀರಬಾರದು. ಸಣ್ಣ ತಟ್ಟೆಗೆ ಅದಕ್ಕೂ ಕಡಿಮೆ. “ನೀರಿಗೆ ಇಳಿದ ಮೇಲೆ ಮತ್ತೆ ಬರುವುದಿಲ್ಲ” ಅನ್ನುವ ಮೆಕ್ಯಾನಿಕ್‌ಗೆ ಪೂರ್ತಿ ಹಣ ಕೊಡಬೇಡಿ.

ಜುಲೈಯಲ್ಲಿ ಹೊಳೆಯೊಳಗೆ ಓಡಿಸಿ ನೋಡುವಾಗ ಒಂದು ವಿಷಯ ನೆನಪಿಡಿ. ಆಳ ಕಡಿಮೆ ಇರುವಲ್ಲಿ ಬೋಟಿಗೆ ತಡೆ ಜಾಸ್ತಿ. ಅಲ್ಲಿ ಸುತ್ತು ಸ್ವಲ್ಪ ಕಡಿಮೆ ಬಂದರೆ ಫ್ಯಾನನ್ನು ಕೂಡಲೇ ದೂರಬೇಡಿ. ಹೊಳೆಯಲ್ಲಿ ನೋಡಬೇಕಾದ್ದು ತಾಪ, ಆಯಿಲ್ ಒತ್ತಡ, ಸೋರಿಕೆ, ಗಿಯರ್ ಹಿಡಿಯುವ ರೀತಿ. ಶಾಫ್ಟ್ ಹೊರಹೋಗುವ ಗ್ಲ್ಯಾಂಡಿನಲ್ಲಿ ಓಡುವಾಗ ನಿಮಿಷಕ್ಕೆ ಕೆಲವು ಹನಿ ನೀರು ತೊಟ್ಟಿಕ್ಕಬೇಕು. ಒಂದು ಹನಿಯೂ ಬಾರದ ಹಾಗೆ ಬಿಗಿದರೆ ಶಾಫ್ಟ್ ಸವೆಯುತ್ತದೆ.

ನಿಜವಾದ ಪರೀಕ್ಷೆ ಆಗಸ್ಟ್‌ನಲ್ಲಿ, ಅಳಿವೆ ದಾಟಿ, ಆಳದ ನೀರಿನಲ್ಲಿ, ಸಾಮಾನು ತುಂಬಿದ ಬೋಟಿನಲ್ಲಿ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಪೂರ್ತಿ ಥ್ರಾಟಲ್ ಕೊಟ್ಟು ಕೆಲವು ನಿಮಿಷ ಓಡಿಸಿ. ತಗಡಿನಲ್ಲಿ 2,400 ಇದ್ದರೆ 2,400 ಮುಟ್ಟಬೇಕು. 2,100ಕ್ಕೇ ನಿಂತು ಕಪ್ಪು ಹೊಗೆ ಬಂದರೆ ಫ್ಯಾನ್ ಭಾರ. ಪಿಚ್ ಒಂದೆರಡು ಅಂಗುಲ ಇಳಿಸಬೇಕು. ಸುಲಭವಾಗಿ 2,400 ದಾಟಿ, ಸುತ್ತು ಮಿತಿ ಮೀರದಂತೆ ನೋಡುವ ಗವರ್ನರ್ ತಡೆದರೆ ಫ್ಯಾನ್ ಹಗುರ, ಪಿಚ್ ಏರಿಸಬಹುದು. ಟ್ರಾಲ್ ಬೋಟಾದರೆ ಬಲೆ ಬಿಟ್ಟೂ ಒಮ್ಮೆ ನೋಡಿ. ಪಿಚ್ ಬದಲಿಸುವ ಕೆಲಸ ಫ್ಯಾನ್ ಕಾರ್ಖಾನೆಯದ್ದು. ದಕ್ಕೆಯಲ್ಲಿ ಸುತ್ತಿಗೆಯಿಂದ ಬಡಿದು ಬಗ್ಗಿಸಲು ಬಿಡಬೇಡಿ, ಮೂರು ರೆಕ್ಕೆ ಮೂರು ರೀತಿ ಆಗುತ್ತದೆ.

ಆ ದಿನದ ಅಂಕೆಗಳನ್ನು ಬೋಟಿನ ಪುಸ್ತಕದಲ್ಲಿ ಬರೆಯಿರಿ: 1,200, 1,500, 1,800, 2,100, 2,400 ಸುತ್ತಿನಲ್ಲಿ ಜಿಪಿಎಸ್ ತೋರಿಸಿದ ವೇಗ, ತಾಪ, ಆಯಿಲ್ ಒತ್ತಡ. ಒಮ್ಮೆ ಹರಿವಿನ ಜೊತೆ, ಒಮ್ಮೆ ಎದುರು ಓಡಿಸಿ ಸರಾಸರಿ ತೆಗೆಯಿರಿ. ಮುಂದೆ ವೇಗ ಕುಸಿದಾಗ ತಳಕ್ಕೆ ಚಿಪ್ಪು ಹಿಡಿದಿದೆಯಾ, ಎಂಜಿನ್ ಸೋತಿದೆಯಾ ಅಂತ ಈ ಪುಟ ಹೇಳುತ್ತದೆ. ಮೊದಲ 50 ಗಂಟೆ ಆದಾಗ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಎಂಜಿನ್ ಕಾಲಿನ ಬೋಲ್ಟುಗಳನ್ನು ಬಿಗಿ ಮಾಡಿ, ಅಲೈನ್‌ಮೆಂಟನ್ನು ಮತ್ತೊಮ್ಮೆ ಅಳೆಯಿರಿ. ಕಂಪೆನಿಯ ಪುಸ್ತಕದಲ್ಲಿ ಇನ್ನೂ ಬೇಗ ಅಂತ ಇದ್ದರೆ ಅದನ್ನೇ ಅನುಸರಿಸಿ.